ಹಂದಿಬೆನ್ನಿನ ಬೇಲಿ

ಪೋಕಾಮಿಟ್, ರೋಡ್ ಐಲೆಂಡ್
೨ ನವೆಂಬರ್ ೧೯೭೮, ಗುರುವಾರ

ಪ್ರೀತಿಯ ತೀಲಿಯಾ,

ಗುಡ್ಡದ ಮನೆಯವರು ಕಾಲುದಾರಿಗೆ ಬೇಲಿ ಹಾಕಿ ನಿನ್ನ ಅಪ್ಪನನ್ನು ಕೊಂದರು. ಪತ್ರಿಕೆಯಲ್ಲಿ ‘ಗಾಳ ಹಾಕಲು ಹೋದವರು ಅಲೆಗೆ ಸಿಕ್ಕು ಸಾವು’ ಎಂದು ಎರಡು ಸಾಲು ಬಂದಿತ್ತು, ನೀನೂ ನೋಡಿರುತ್ತೀಯ. ಆ ಎರಡು ಸಾಲಿನಲ್ಲಿ ಬೇಲಿಯ ಮಾತಿರಲಿಲ್ಲ. ಅದಕ್ಕೇ ನಿನ್ನ ಕುಶಲ ಕೇಳುವುದಕ್ಕಿಂತ ಮೊದಲು ಇದನ್ನು ಬರೆದೆ.

ಈಗ ಕೇಳುತ್ತೇನೆ. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಮಣ್ಣು ಮಾಡಿದ ಮೂರನೆಯ ದಿನವೇ ನಿನ್ನನ್ನು ಮತ್ತೆ ಆಸ್ಪತ್ರೆಯ ಕೆಲಸಕ್ಕೆ ಕರೆಸಿಕೊಂಡರೆಂದು ನನ್ನ ಅಮ್ಮ ಹೇಳಿದಳು. ಇಡೀ ದಿನ ಬೇರೆಯವರ ಅಪ್ಪಂದಿರ ನಾಡಿ ಹಿಡಿಯುವ ಕೆಲಸ ನಿನ್ನದು, ಹೇಗೆ ಮಾಡುತ್ತಿದ್ದೀಯೋ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ನನ್ನನ್ನು ಕ್ಷಮಿಸು. ಈ ಹದಿನಾರು ದಿನಗಳಲ್ಲಿ ಎಷ್ಟೋ ಸಲ ಹಾಳೆ ಎದುರಿಗಿಟ್ಟುಕೊಂಡು ಕೂತೆ, ನಿನ್ನ ಹೆಸರಿನಿಂದ ಮುಂದಕ್ಕೆ ಕೈ ಹೋಗಲಿಲ್ಲ. ಮಣ್ಣು ಮಾಡಿದ ದಿನ ಇಗರ್ಜಿಯ ಮೆಟ್ಟಿಲ ಮೇಲೆ ನೀನು ನನ್ನ ಕೈ ಹಿಡಿದುಕೊಂಡಾಗ ನಾನು ಬಿಡಿಸಿಕೊಂಡು, ಕಾಫಿ ಕೊಡಬೇಕು ಎಂದು ಒಳಗೆ ಓಡಿದೆ. ಅದೂ ನಿನ್ನ ಮನಸ್ಸಿನಲ್ಲಿ ಉಳಿದಿರಬೇಕು. ಆ ಹೊತ್ತಿಗೆ ಯಾರೂ ಕಾಫಿ ಕೇಳಿರಲಿಲ್ಲ.

ಇವತ್ತು ಸತ್ತವರ ದಿನ. ಅಮ್ಮ ಬೆಳಿಗ್ಗೆಯೇ ಹೋಗಿ ನಿನ್ನ ಅಪ್ಪ ಅಮ್ಮ ಇಬ್ಬರ ಗೋರಿಗೂ ಸೇವಂತಿಗೆ ಇಟ್ಟು ಬಂದಳು. ಅಪ್ಪನ ಕಡೆಯ ಮಣ್ಣು ಇನ್ನೂ ಕುಸಿದು ಕೂತಿಲ್ಲ, ಕಲ್ಲು ನಿಲ್ಲಿಸಲು ಬೇಸಿಗೆಯವರೆಗೆ ಕಾಯಬೇಕಂತೆ. ನಿಮ್ಮ ಮನೆಯ ಕಿಟಕಿಗಳನ್ನು ಭದ್ರ ಮಾಡಿದ್ದೇನೆ. ಚಳಿಗೆ ಕೊಳವೆ ಒಡೆಯದಿರಲಿ ಎಂದು ನೀರು ನಿಲ್ಲಿಸಿದ್ದೇನೆ. ಹಿತ್ತಲಿನ ಪೀಪಾಯಿಯಲ್ಲಿ ನಿನ್ನ ಅಪ್ಪ ಗಾಳಕ್ಕೆಂದು ಸಾಕಿದ್ದ ಒಂಬತ್ತು ಹಾವುಮೀನು ಇನ್ನೂ ಬದುಕಿದ್ದವು. ಒರಾಸಿಯು ಬಂದು ಪೀಪಾಯಿಯನ್ನು ಹೊತ್ತುಕೊಂಡು ಹೋಗಿ ಅವನ್ನೆಲ್ಲ ಹೊಳೆಗೆ ಬಿಟ್ಟ. ನಲವತ್ತು ವರ್ಷ ನಿನ್ನ ಅಪ್ಪನ ಜೊತೆ ಒಂದೇ ದಂಡೆಯಲ್ಲಿ ಪೈಪೋಟಿಗೆ ನಿಂತು ಗಾಳ ಎಸೆದ ಮನುಷ್ಯನಿಗೆ, ಅವರ ಹಾವುಮೀನನ್ನು ತನ್ನ ಗಾಳಕ್ಕೆ ಸಿಕ್ಕಿಸಲು ಮನಸ್ಸು ಬರಲಿಲ್ಲ.

ಗುಡ್ಡದ ಮನೆಯವರ ವಕೀಲ ನಿನಗೆ ಕಳಿಸಿರುವ ಕಾಗದದ ವಿಷಯ ಅಮ್ಮನಿಂದ ಗೊತ್ತಾಯಿತು. ‘ನನ್ನ ತಂದೆ ಅನುಮತಿಯಿಲ್ಲದೆ ಖಾಸಗಿ ಜಾಗಕ್ಕೆ ಬಂದಿದ್ದರು, ಅವರ ಅಜಾಗರೂಕತೆಯೇ ಸಾವಿಗೆ ಕಾರಣ’ ಎಂದು ನೀನು ಸಹಿ ಹಾಕಬೇಕು. ಪ್ರತಿಯಾಗಿ ಬೇಲಿಯ ಒಳಗೆ, ಕಡಲಿಗೆ ಮುಖ ಮಾಡಿ, ನಿನ್ನ ಅಪ್ಪನ ಹೆಸರು ಕೊರೆದ ಒಂದು ಕಲ್ಲುಬೆಂಚು. ಭಾನುವಾರ ಮಧ್ಯಾಹ್ನ ನೀನು ಬಂದು ಕೂರಬಹುದು, ಮೊದಲೇ ತಿಳಿಸಿದ್ದರೆ ಗೇಟು ತೆರೆಯುತ್ತಾರೆ. ತೀಲಿಯಾ, ಬದುಕಿದ್ದಾಗ ಅವರಿಗೆ ತೆರೆಯದ ಗೇಟು ಅದು.

ನವೆಂಬರ್ ಹದಿನಾಲ್ಕರಂದು ಪುರಸಭೆಯಲ್ಲಿ ಕಾಲುದಾರಿಯ ವಿಚಾರಣೆ ಇದೆ. ನೀನು ಸಹಿ ಹಾಕಿದರೆ ಅವತ್ತು ಅವರು ಅದನ್ನೇ ಎತ್ತಿ ಹಿಡಿಯುತ್ತಾರೆ, ಅಲ್ಲಿಗೆ ದಾರಿ ಮುಗಿಯಿತು. ಹಾಕದೆ ಬಂದು ಎದ್ದು ನಿಂತರೆ, ಏನು ನಡೆಯಿತು ಎಂದು ಸತ್ತವರ ಮಗಳ ಬಾಯಿಂದ ಊರು ಕೇಳುತ್ತದೆ. ಆ ಸಭೆಯಲ್ಲಿ ಕೂರುವವರಲ್ಲಿ ಅರ್ಧ ಜನಕ್ಕೆ ಗಾಳ ಹಿಡಿದು ಗೊತ್ತಿಲ್ಲ. ಅವರಿಗೆ ಬುಡದಿಂದ ಹೇಳಬೇಕು, ನಾನು ಹೀಗೆ ಬರೆದುಕೊಂಡಿದ್ದೇನೆ:

ಪಟ್ಟೆಮೀನು ಅಕ್ಟೋಬರಿನಲ್ಲಿ ದಕ್ಷಿಣಕ್ಕೆ ಇಳಿಯುವಾಗ ದಡಕ್ಕೆ ಹತ್ತಿರ ಬರುತ್ತದೆ. ಹಂದಿಬೆನ್ನು ಬಂಡೆಗೆ ಅದು ಬರುವುದು ಉಬ್ಬರದ ಕೊನೆಯ ಎರಡು ಗಂಟೆ, ನೀರು ಬಂಡೆಗೆ ಬಡಿದು ಬೆಳ್ಳಗೆ ನೊರೆಯಾದಾಗ. ನೀರು ತುಂಬುವ ಮೊದಲೇ ಬಂಡೆಗಳ ಮೇಲೆ ನಡೆದು ಹೋಗಬೇಕು. ಮೀನು ಬರುವ ಹೊತ್ತಿಗೆ ಹೋದ ದಾರಿ ನೀರಿನಡಿ ಇರುತ್ತದೆ. ಆದ್ದರಿಂದ ವಾಪಸು ಬರುವುದು ಯಾವಾಗಲೂ ಮೇಲಿನ ಹೊಲದ ಕಾಲುದಾರಿಯಲ್ಲಿ. ನಿನ್ನ ತಾತ ಹಾಗೇ ಬಂದರು, ನಿನ್ನ ಅಪ್ಪ ಹಾಗೇ ಬಂದರು. ಜೂನ್‌ನಲ್ಲಿ ಆ ಹೊಲ ಕೊಂಡ ಗುಡ್ಡದ ಮನೆಯವರು ಎಂಟು ಅಡಿ ಎತ್ತರದ ತಂತಿಬೇಲಿ ಎಳೆದು, ಮೇಲೆ ಮುಳ್ಳು ಸುತ್ತಿ, ಕೊನೆಯ ಕಂಬವನ್ನು ಬಂಡೆಯ ಅಂಚಿಗೇ ನೆಟ್ಟರು. ಕಡಲು ಶಾಂತವಾಗಿದ್ದರೆ ಆ ಕಂಬ ಹಿಡಿದು, ತೊಡೆಮಟ್ಟ ನೀರಿನಲ್ಲಿ ಸುತ್ತಿ ಬರಬಹುದು. ಅಲೆ ಎದ್ದರೆ ಆಗದು.

ಇಷ್ಟೇ. ಇದರಲ್ಲಿ ಯಾರಿಗೂ ಅರ್ಥವಾಗದ್ದು ಏನಿದೆ ಹೇಳು.

ಬೇಲಿ ಬಿದ್ದ ವಾರ ಮೀನುಮಂಡಿಯಲ್ಲಿ ನಡೆದದ್ದನ್ನು ನಿನಗೆ ಹೇಳಿರಲಿಲ್ಲ. ನಾನು ತಕ್ಕಡಿಯ ಹತ್ತಿರ ಮಂಜುಗಡ್ಡೆ ಒಡೆಯುತ್ತಿದ್ದೆ. ಗಾಳದವರೆಲ್ಲ ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಒರಾಸಿಯು ಹೇಳಿದ, “ಹಂದಿಬೆನ್ನು ಮುಗೀತು ಕಣ್ರಪ್ಪ. ಮೀನು ಬರೋ ಹೊತ್ಗೆ ನಾವು ಮನೇಲಿ ಹೆಂಡ್ತಿ ಮುಖ ನೋಡ್ಕೊಂಡು ಕೂತಿರ್ಬೇಕು.”

“ನೀನು ಕೂತ್ಕೋ,” ಎಂದರು ನಿನ್ನ ಅಪ್ಪ. “ನನಗೆ ನೋಡೋಕೆ ಹೆಂಡ್ತಿ ಇಲ್ಲ. ಇದ್ದಿದ್ರೂ ನಿನ್ ಹೆಂಡ್ತಿ ಥರ ಇದ್ದಿದ್ರೆ ನಾನು ಬಂಡೆ ಮೇಲೇ ಮಲಗ್ತಿದ್ದೆ.”

“ಬೆಲಾರ್ಮಿನು, ಈ ಮಾತನ್ನ ಅವಳೆದುರಿಗೆ ಆಡು. ಆಮೇಲೆ ಯಾವ ಬೇಲಿಯಾದ್ರೂ ಹಾರ್ತೀಯ.”

ಎಲ್ಲರೂ ನಕ್ಕರು, ನಗುತ್ತಲೇ ಒಬ್ಬೊಬ್ಬರಾಗಿ ಹಂದಿಬೆನ್ನನ್ನು ಬಿಟ್ಟುಕೊಟ್ಟರು. ನನಗೆ ಮೈ ಉರಿಯಿತು. ನಿನಗೆ ಗೊತ್ತಲ್ಲ, ಕಾರ್ಮಿಕ ಸಂಘದ ಕಚೇರಿಯ ಮೂಲೆಯಲ್ಲಿ ಪೇರಿಸಿಟ್ಟ ಕರಪತ್ರಗಳನ್ನು ಓದಿ ಓದಿಯೇ ನನಗೆ ಅಷ್ಟಿಷ್ಟು ಬುದ್ಧಿ ಬಂದದ್ದು, ಕಾಲೇಜಿನಿಂದ ಬಂದದ್ದಲ್ಲ. ಇಗರ್ಜಿಯ ಅಚ್ಚುಯಂತ್ರದಲ್ಲಿ ನಾನೂ ಒಂದನ್ನು ಮುದ್ರಿಸಿದೆ. ‘ಅಲೆ ತೋಯಿಸುವ ನೆಲ ಯಾರ ಆಸ್ತಿಯೂ ಅಲ್ಲ, ದಡ ಎಲ್ಲರದು’ ಎಂದು ಶುರುವಾಗುತ್ತದೆ. ನಿನ್ನ ಅಪ್ಪ ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ನೋಡಿ, “ಏನ್ ಬರ್ದಿದೀಯ, ಓದೇ ಮಗಳೇ,” ಎಂದರು. ಪೂರ್ತಿ ಓದಿದೆ. ಕಣ್ಣು ಮುಚ್ಚಿ, ಪೂಜೆಯಲ್ಲಿ ಕೂತ ಹಾಗೆ ಕೇಳಿದರು.

“ಚೆನ್ನಾಗಿದೆ. ಆದ್ರೆ ಬೇಲಿಗೆ ಓದೋಕೆ ಬರಲ್ವಲ್ಲ.”

“ಮಾಮ, ಬೇಲಿಗಲ್ಲ, ಜನಕ್ಕೆ. ನಡೀದೆ ಬಿಟ್ರೆ ದಾರಿ ಸತ್ತುಹೋಗುತ್ತೆ. ಇಲ್ಲಿಗೆ ಯಾರೂ ಬರ್ತಾನೇ ಇರ್ಲಿಲ್ಲ ಅಂತ ನಾಳೆ ಅವರು ಹೇಳ್ತಾರೆ. ಒಬ್ಬರಾದ್ರೂ ಹೋಗ್ತಾ ಇರ್ಬೇಕು.”

“ಅಂದ್ರೆ ನಾನು ಮೀನು ಹಿಡಿದ್ರೆ ಅದೊಂದು ಚಳವಳಿ.”

“ಹೌದು.”

“ಹಂಗಾದ್ರೆ ಹದಿನೈದನೇ ವಯಸ್ಸಿಂದ ಚಳವಳಿಗಾರ ನಾನು. ಇಷ್ಟು ದಿನ ಯಾರೂ ಹೇಳ್ಲೇ ಇಲ್ವಲ್ಲ.”

ಎಲ್ಲರೂ ಬಿಟ್ಟ ಮೇಲೂ ಅವರೊಬ್ಬರು ಹೋಗುತ್ತಿದ್ದದ್ದು ಅರ್ಧ ಹಟಕ್ಕೆ, ಇನ್ನರ್ಧ ನನ್ನ ಮಾತಿಗೆ. ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ, ನಿನ್ನಿಂದಲೂ ಮುಚ್ಚಿಡುವುದಿಲ್ಲ.

ಇನ್ನು ಆ ಮಂಗಳವಾರ. ಆಗಸ್ಟ್‌ನಲ್ಲಿ ನೀನು ಪ್ರಾವಿಡೆನ್ಸಿಗೆ ಹೊರಡುವಾಗ ನಿನ್ನ ಕೆಲಸವನ್ನು ನನಗೆ ಒಪ್ಪಿಸಿ ಹೋಗಿದ್ದೆ. ಮೀನಿರುವ ಜಾಗ ಬೇರೆಯವರಿಗೆ ತಿಳಿಯದಿರಲಿ ಎಂದು, ಗಾಳದವನು ತಾನು ನಿಜವಾಗಿ ಎಲ್ಲಿ ನಿಲ್ಲುತ್ತೇನೆಂಬುದನ್ನು ದಡದ ಮೇಲಿನ ಒಬ್ಬರಿಗೆ ಮಾತ್ರ ಹೇಳಿ ಹೋಗುತ್ತಾನೆ. ನಿಮ್ಮ ಮನೆಯಲ್ಲಿ ಮೊದಲು ನಿನ್ನ ಅಮ್ಮ, ಆಮೇಲೆ ನೀನು, ಆಮೇಲೆ ನಾನು. ನೀರು ಪೂರ್ತಿ ತುಂಬಿ ಒಂದು ಗಂಟೆ ಕಳೆದರೂ ಅವನು ಬಾರದಿದ್ದರೆ ಆಗ ಬಾಯಿ ಬಿಡಬೇಕು, ಅಲ್ಲಿಯವರೆಗೆ ದೇವರು ಕೇಳಿದರೂ ಹೇಳಕೂಡದು. ಬೆಳಗಿನ ಜಾವ ಐದು ಗಂಟೆಗೆ ನಿನ್ನ ಅಪ್ಪ ನಮ್ಮ ಅಡುಗೆಮನೆಯ ಬಾಗಿಲು ತಟ್ಟಿದರು. ಅಮ್ಮ ಸಿಹಿ ಬ್ರೆಡ್ಡಿನ ದೊಡ್ಡ ತುಂಡನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. “ಹಂದಿಬೆನ್ನು,” ಎಂದು ನನ್ನ ಕಿವಿಯಲ್ಲಿ ಹೇಳಿದರು. “ಗಾಡಿ ಬಂದರಿನ ಗೋಡೆ ಹತ್ರ ನಿಲ್ಸಿದೀನಿ. ನೋಡ್ದೋರು ನಾನು ಅಲ್ಲೇ ಇದೀನಿ ಅಂದ್ಕೊಳ್ಲಿ.” ಗಾಳದ ಕೋಲನ್ನು ಎರಡು ಭಾಗವಾಗಿ ಬಿಚ್ಚಿ ಸೈಕಲ್ಲಿಗೆ ಕಟ್ಟಿಕೊಂಡು ಹಿಂದಿನ ರಸ್ತೆಯಲ್ಲಿ ಹೋದರು. ಅರವತ್ತೊಂದು ವರ್ಷದವರು, ಬೇರೆ ಗಾಳದವರಿಗೆ ಮಂಕುಬೂದಿ ಎರಚಿದ ಖುಷಿಗೆ ಶಿಳ್ಳೆ ಹಾಕುತ್ತಿದ್ದರು.

ಗಾಳಿ ಇರಲಿಲ್ಲ, ಆಕಾಶ ತೊಳೆದಿಟ್ಟಂತಿತ್ತು. ಆದರೆ ದೂರದಲ್ಲೆಲ್ಲೋ ಬಿರುಗಾಳಿ ಎದ್ದಿತ್ತಂತೆ. ಅದರ ಅಲೆಗಳು ಎರಡು ದಿನ ನಡೆದು ಆ ಬೆಳಿಗ್ಗೆ ನಮ್ಮ ದಡ ಮುಟ್ಟಿದವು. ಹಿಂದಿನ ದಿನವಷ್ಟೇ ಹುಣ್ಣಿಮೆ, ನೀರು ಎಂದಿಗಿಂತ ಮೇಲೆ ಬಂದಿತ್ತು. ಎಂಟೂವರೆಗೆ ಉಬ್ಬರ ತುಂಬಿತು. ಒಂಬತ್ತೂವರೆಗೂ ಅವರು ಬರಲಿಲ್ಲ. ಮಂಡಿಯ ಏಪ್ರನ್ನಿನಲ್ಲೇ ಬಂದರಿಗೆ ಓಡಿದೆ. ಒರಾಸಿಯು ಆಗಲೇ ಗೋಡೆಯ ಉದ್ದಕ್ಕೂ ಅವರನ್ನು ಹುಡುಕುತ್ತಿದ್ದ, ಅವರ ಗಾಡಿ ಅಲ್ಲಿ ನಿಂತಿತ್ತಲ್ಲ. ಹಂದಿಬೆನ್ನು ಎಂದೆ. ಅವನು ನನ್ನನ್ನು ಒಂದು ಸಲ ನೋಡಿ ತನ್ನ ಗಾಡಿಯತ್ತ ಓಡಿದ. ಹತ್ತು ನಿಮಿಷದಲ್ಲಿ ಬೇಲಿ ತಲುಪಿದೆವು. ಅವನ ಗಾಡಿಯಲ್ಲಿ ತಂತಿ ಕತ್ತರಿಸುವ ಇಕ್ಕಳ ಸದಾ ಇರುತ್ತದೆ. ಕತ್ತರಿಸಿದ.

ಬೇಲಿಯ ಒಳಗೆ, ಹುಲ್ಲಿನ ಮೇಲೆ, ಮೂರು ಪಟ್ಟೆಮೀನು ಬಿದ್ದಿದ್ದವು. ದೊಡ್ಡವು, ಒಂದಂತೂ ನನ್ನ ಸೊಂಟದವರೆಗೆ ಬರುವಂಥದ್ದು. ಬೇಲಿಯ ಹೊರಗೆ, ಕಡಲಿನ ಕಡೆ, ಗಾಳದ ಕೋಲನ್ನು ಕಂಬಕ್ಕೆ ನೆಟ್ಟಗೆ ಒರಗಿಸಿದ್ದರು. ಮೊದಲು ಮೀನನ್ನು ಮೇಲಿನಿಂದ ಒಳಗೆಸೆದಿದ್ದಾರೆ, ಆಮೇಲೆ ತಾವು ಹತ್ತಲು ನೋಡಿದ್ದಾರೆ. ಎದೆಮಟ್ಟದ ರಬ್ಬರ್ ಉಡುಪಿನ ಒಂದು ಚೂರು ಮುಳ್ಳುತಂತಿಯಲ್ಲಿ ಸಿಕ್ಕಿತ್ತು. ಹತ್ತಲಾಗದೆ ಕೊನೆಯ ಕಂಬವನ್ನು ಸುತ್ತಲು ಹೋಗಿದ್ದಾರೆ. ಒಳಗೆ ಬಿದ್ದ ಮೀನೇ ಅತಿಕ್ರಮಣಕ್ಕೆ ಸಾಕ್ಷಿ ಎಂದು ವಕೀಲ ಬರೆದಿದ್ದಾನಂತೆ.

ಆ ಮನೆಯ ತೋಟದವನು ಸಲಿಕೆ ಹಿಡಿದು ನಿಂತಿದ್ದ. “ಕೂಗು ಕೇಳ್ತಮ್ಮ,” ಎಂದ ನನಗೆ. “ಎಂಟೂವರೆಗೆ ಕೇಳ್ತು, ಒಂಬತ್ತಕ್ಕೆ ಹತ್ತು ನಿಮಿಷ ಇದ್ದಾಗ್ಲೂ ಕೇಳ್ತು. ಗಾಳದೋರು ಮೀನು ಸಿಕ್ರೆ ಹಂಗೇ ಕೂಗಾಡ್ತಾರೆ ಅಂದ್ಕೊಂಡೆ. ಗೇಟಿನ ಬೀಗದಕೈ ನನ್ನತ್ರ ಇರಲ್ಲ.” ಅವನು ಅಳುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಕೈಗೆ ಸಲಿಕೆ ಕೊಟ್ಟು, ಬೀಗದಕೈಯನ್ನು ನ್ಯೂಯಾರ್ಕಿಗೆ ತೆಗೆದುಕೊಂಡು ಹೋದವರ ಮೇಲೆ ನನ್ನ ಸಿಟ್ಟು.

ಮಧ್ಯಾಹ್ನ ಒಂದು ಗಂಟೆಗೆ ನೀರು ಇಳಿದಾಗ ನಿನ್ನ ಅಪ್ಪ ಎರಡು ಬಂಡೆಗಳ ನಡುವೆ ಸಿಕ್ಕರು. ಶವಪೆಟ್ಟಿಗೆಯಲ್ಲಿ ಅವರ ಕೈಗಳನ್ನು ನೀನು ಸರಿಯಾಗಿ ನೋಡಲಿಲ್ಲ, ಅಮ್ಮ ಜಪಮಾಲೆಯನ್ನು ಬೇಕೆಂದೇ ಮೂರು ಸುತ್ತು ಸುತ್ತಿದ್ದಳು. ನೀನು ದಾದಿ, ನಿನ್ನಿಂದ ಇದನ್ನು ಮುಚ್ಚುವುದು ತಪ್ಪು. ಬಂಡೆಯ ಚಿಪ್ಪುಗಳಿಗೆ ಅಂಗೈ ಎಲುಬಿನವರೆಗೆ ಹರಿದಿತ್ತು. ಅವರು ಬಹಳ ಹೊತ್ತು ಹಿಡಿದುಕೊಂಡಿದ್ದರು.

ಸಹಿ ಹಾಕಬೇಡ, ತೀಲಿಯಾ. ನನಗಾಗಿ ಕೇಳುತ್ತಿಲ್ಲ, ನನ್ನ ಕರಪತ್ರಕ್ಕಾಗಿಯೂ ಅಲ್ಲ. ಮುಂದಿನ ಅಕ್ಟೋಬರಿನಲ್ಲೂ ಪಟ್ಟೆಮೀನು ಹಂದಿಬೆನ್ನಿಗೆ ಬರುತ್ತದೆ, ಯಾರೋ ಒಬ್ಬರು ತಡೆಯಲಾರದೆ ಹೋಗೇ ಹೋಗುತ್ತಾರೆ. ಅವರು ಹಿಂತಿರುಗಿ ಬರಲು ಒಂದು ದಾರಿ ಇರಬೇಕು.

ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ಎಲೆಕೋಸಿನ ಸೂಪು ಮಾಡಿದಾಗಲೆಲ್ಲ ನಿಮ್ಮ ಮನೆಗೆಂದು ಒಂದು ಪಾತ್ರೆ ತೆಗೆದಿಟ್ಟು, ಆಮೇಲೆ ನೆನಪಾಗಿ ವಾಪಸು ಸುರಿಯುತ್ತಾಳೆ. ದೇವರು ನಿನ್ನ ತಲೆ ಕಾಯಲಿ. ನನಗೆ ಅಷ್ಟು ನಂಬಿಕೆ ಇಲ್ಲವೆಂದು ನಿನಗೆ ಗೊತ್ತು, ಆದರೂ ಅಮ್ಮನ ಪರವಾಗಿಯೂ ನನ್ನ ಪರವಾಗಿಯೂ ಬರೆಯುತ್ತಿದ್ದೇನೆ.

ನಿನ್ನ,
ಇದಲೀನಾ

ತಾ.ಕ.: ಲಕೋಟೆ ಅಂಟಿಸಿದ್ದೆ. ಹರಿದು ತೆಗೆದಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಆದರೆ ಒಂದು ಸಂಗತಿಯನ್ನು ಬಿಟ್ಟು ಬರೆದೆ.

ಅವತ್ತು ಎಂಟಕ್ಕೆ ಕಾಲು ಗಂಟೆ ಇರುವಾಗ ಒರಾಸಿಯು ಮಂಡಿಗೆ ಬಂದಿದ್ದ. ತಕ್ಕಡಿಗೆ ಒರಗಿ ನಿಂತು, “ಎಲ್ಲೇ ಹೋದ ನಿಮ್ ಮುದುಕ ಇವತ್ತು?” ಎಂದ.

“ಬಂದರಿನ ಗೋಡೆ ಹತ್ರ.”

“ಹಂದಿಬೆನ್ನಿಗೆ ಹೋಗಿಲ್ವಾ?”

“ಇವತ್ತು ಮೀನು ಎಲ್ಲಿದೆ ಅಂತ ತಿಳೀಬೇಕಾದ್ರೆ ನಿಮ್ ಗಾಳಾನೇ ಕೇಳಿ ಮಾಮ, ನನ್ನನ್ ಯಾಕೆ ಕೇಳ್ತೀರ?”

ಅವನು ನಗಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಗೋಡೆ ಹತ್ರಾನೇ ಅಲ್ವಾ? ಖಂಡಿತ?”

“ಅಲ್ಲೇ. ಗಾಡಿ ನಿಂತಿದೆ, ಹೋಗಿ ನೋಡಿ.”

ಹೋದ. ಗುಡ್ಡದ ಮೇಲಿನಿಂದ ಅವನು ಹೊರಬಂಡೆಗಳ ಮೇಲೆ ಅಲೆ ಒಡೆಯುವುದನ್ನು ನೋಡಿ ಬಂದಿದ್ದನಂತೆ. ಗಾಡಿಯಲ್ಲಿ ಹಗ್ಗ ಇತ್ತು, ಇಕ್ಕಳ ಇತ್ತು. ಭಯವಾಗುತ್ತಿದೆ ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಗಾಳದವರು ಗಾಳದವರ ಬಗ್ಗೆ ಹಾಗೆ ಹೇಳುವುದಿಲ್ಲ. ಕೇಳುವುದೆಲ್ಲ ಜಾಗ ಕದಿಯುವವನ ದನಿಯಲ್ಲೇ ಕೇಳುತ್ತಾರೆ, ಉತ್ತರವೂ ಹಾಗೇ ಬರುತ್ತದೆ. ಎಂಟು ಗಂಟೆಗೆಲ್ಲ ಅವನು ಬೇಲಿಯ ಹತ್ತಿರ ಇರಬಹುದಿತ್ತು. ನಿನ್ನ ಅಪ್ಪ ಒಂಬತ್ತಕ್ಕೆ ಹತ್ತು ನಿಮಿಷ ಇರುವವರೆಗೂ ಕೂಗುತ್ತಿದ್ದರು.

ಸುಳ್ಳು ಹೇಳುವಾಗ ನನಗೆ ಹೆಮ್ಮೆಯಾಗಿತ್ತು, ತೀಲಿಯಾ. ನಿನ್ನ ಕೆಲಸವನ್ನು ಚೆನ್ನಾಗಿ ಮಾಡಿದೆ ಎಂದುಕೊಂಡು ಮಂಜುಗಡ್ಡೆ ಒಡೆಯಲು ಹೋದೆ. ದಡ ಎಲ್ಲರದು ಎಂದು ಮುನ್ನೂರು ಕಾಗದ ಹಂಚಿದವಳು, ಒಂದು ಬಂಡೆಯನ್ನು ಒಬ್ಬರಿಗೇ ಉಳಿಸಲು ಇನ್ನೊಬ್ಬನಿಗೆ ಸುಳ್ಳು ಹೇಳಿದೆ.

ಸ್ಮಶಾನದಲ್ಲಿ ಒರಾಸಿಯು ನನ್ನ ಮೊಣಕೈ ಹಿಡಿದು, “ನಾನಾಗಿದ್ರೂ ಅದೇ ಹೇಳ್ತಿದ್ದೆ ಮಗಳೇ. ಯಾರಿಗೂ ಹೇಳ್ಬೇಡ. ಆ ವಕೀಲನ ಕಿವಿಗೆ ಬಿದ್ರೆ ದಾರಿ ಹೋಯ್ತು ಅನ್ಕೋ,” ಎಂದ. ಅವನು ಹೇಳಿದ್ದು ಸರಿ ಇರಬಹುದು. ಆದರೂ ಹದಿನಾಲ್ಕರಂದು ಎಲ್ಲರೆದುರು ಹೇಳುತ್ತೇನೆ, ಅವರ ಬೇಲಿಯನ್ನೂ ನನ್ನ ಸುಳ್ಳನ್ನೂ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಲು ನನ್ನ ನಾಲಿಗೆ ಏಳುತ್ತಿಲ್ಲ. ಊರಿನವರಿಗಿಂತ ಮೊದಲು ನೀನು ಕೇಳಬೇಕು. ಸಹಿ ಹಾಕಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ. ಈಗ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ನೀನೇ ನೋಡು.

ಪತ್ರದಲ್ಲಿ ಉತ್ತರ ಬರೆಯಬೇಡ. ಬಂದು ಮುಖಕ್ಕೆ ಹೇಳು, ಏನಿದ್ದರೂ. ಪ್ರಾವಿಡೆನ್ಸ್ ಬಸ್ಸು ಬೆಳಿಗ್ಗೆ ಹತ್ತಕ್ಕೆ ಇಲ್ಲಿಗೆ ಬರುತ್ತದೆ. ಹನ್ನೊಂದಕ್ಕೆ ನೀರು ಪೂರ್ತಿ ಇಳಿದಿರುತ್ತದೆ, ಬಂಡೆಗಳ ಮೇಲೆ ನಡೆದು ಬರಬಹುದು. ಕೊನೆಯ ಕಂಬದ ಹೊರಗೆ, ನಿನ್ನ ಅಪ್ಪ ಹಿಡಿದುಕೊಂಡಿದ್ದ ಜಾಗದಲ್ಲಿ ನಾನಿರುತ್ತೇನೆ. ಶನಿವಾರ, ನವೆಂಬರ್ ಹನ್ನೊಂದು, ಬೆಳಿಗ್ಗೆ ಹನ್ನೊಂದು ಗಂಟೆ.